ಮನೆ ತುಂಬಿಸಿಕೊಂಡ ಹೇಂಟೆ

ಹಿರೇನಲ್ಲೂರು
9-2-1976

ತಂಗಿ ಕಾಂತಮ್ಮನಿಗೆ,

ಕ್ಷೇಮ ಸಮಾಚಾರವನ್ನು ಕೊನೆಗೆ ಬರೆಯುತ್ತೇನೆ, ಮೊದಲು ಸುದ್ದಿ ಕೇಳು. ಕಡೂರಿನ ಕೋಳಿ ಪ್ರದರ್ಶನದಲ್ಲಿ ನಮ್ಮ ಹುಂಜಕ್ಕೆ ಮೊದಲ ಬಹುಮಾನ ಬಂತು. ನಲವತ್ತು ಹುಂಜ ಬಂದಿದ್ದವು. ಕೆಲವರು ಬಿಳಿ ಸೀಮೆ ಕೋಳಿಗಳನ್ನು ಸೋಪು ಹಚ್ಚಿ ತೊಳೆದು ತಂದಿದ್ದರು. ನಮ್ಮವನು ಪಂಜರದೊಳಗೆ ಒಂದು ಸಲ ಕತ್ತೆತ್ತಿ ನಿಂತ, ಅಷ್ಟೇ ಸಾಕಾಯಿತು. ತೀರ್ಪು ಕೊಡುವವರು ಕೊಕ್ಕು ನೋಡಿದರು, ಜುಟ್ಟು ನೋಡಿದರು, ರೆಕ್ಕೆ ಬಿಡಿಸಿ ಗರಿ ಎಣಿಸಿದರು. ತಾತ ಕಾಟಯ್ಯನ ತಳಿ ಎಂದು ನಾನು ಬಾಯಿ ಬಿಡುವ ಮೊದಲೇ, ಇದು ಒಂದೇ ಮನೆಯಲ್ಲಿ ಬಹಳ ಕಾಲ ಕಾಪಾಡಿದ ರಕ್ತ ಎಂದರು. ನನಗೆ ಕಣ್ಣಲ್ಲಿ ನೀರು ಬಂತು ಕಣೇ, ನಗಬೇಡ.

ಈಗ ಕೆಟ್ಟ ಸುದ್ದಿ. ಈ ಸಲ ಹನ್ನೆರಡು ಮೊಟ್ಟೆ ಕಾವಿಗೆ ಕೂರಿಸಿದರೆ ಮರಿಯಾದದ್ದು ನಾಲ್ಕು. ಒಂದರ ಕೊಕ್ಕು ಸೊಟ್ಟ, ಎರಡರ ಕಾಲ್ಬೆರಳು ಮುದುರಿಕೊಂಡಿದ್ದವು. ಈಗ ಓಡಾಡುತ್ತಿರುವುದು ಒಂದೇ ಒಂದು. ಪ್ರದರ್ಶನದಲ್ಲಿ ಸಿಕ್ಕಿದ ಪಶುವೈದ್ಯ ಮಲ್ಲಿಕಾರ್ಜುನಯ್ಯನವರಿಗೆ ಹೇಳಿದೆ. ಅವರದು ಮಠದ ಕಡೆಯ ಮನೆತನ, ಕೋಳಿ ಮುಟ್ಟಿ ಬಂದರೆ ತಲೆಗೆ ನೀರು ಹಾಕಿಕೊಳ್ಳದೆ ಹೆಂಡತಿ ಅಡುಗೆಮನೆಗೆ ಬಿಡುವುದಿಲ್ಲವಂತೆ. ಆದರೂ ಕೋಳಿಯ ವಂಶ ಬಿಡಿಸಿ ಹೇಳುವುದರಲ್ಲಿ ಅವರನ್ನು ಬಿಟ್ಟರೆ ಇಲ್ಲ. ನಮ್ಮ ತಾತನ ಕಾಲದ ತಳಿ ಪುಸ್ತಕ ತರಿಸಿ ನೋಡಿದರು. ಅದರಲ್ಲಿ ಹುಂಜದ ಅಪ್ಪ, ಅಪ್ಪನ ಅಪ್ಪ, ಎಲ್ಲ ಇದೆ. ಹೇಂಟೆಯ ಜಾಗದಲ್ಲಿ ಮಾತ್ರ ‘ಅಕ್ಕನ ಮನೆಯದು’, ‘ತಂಗಿಯ ಮನೆಯದು’ ಎಂದಷ್ಟೇ ಬರೆದಿದೆ. ಅವರು ನಕ್ಕುಬಿಟ್ಟರು.

‘ಮದುವೆಗೆ ಕುಲ, ಬೆಡಗು ನೋಡೋ ಹಂಗೆ ನೋಡಿದ್ದೀರಲ್ಲ ತಿಮ್ಮರಾಯಪ್ಪ. ನಿಮ್ಮ ಮನೆ ಹೇಂಟೇನೇ ಅಕ್ಕನ ಮನೆಗೆ ಕಳಿಸಿ, ಅದರ ಮರಿ ವಾಪಸ್ ತಂದ್ರೆ ರಕ್ತ ಬೇರೆ ಆಗ್ತದಾ?’

ಹೆಣ್ಣುಮಕ್ಕಳಿಗೆ ಬಳುವಳಿಯಾಗಿ ಹೇಂಟೆ ಕೊಡುವುದು, ಹುಂಜವನ್ನು ಹೊಸ್ತಿಲು ದಾಟಿಸದಿರುವುದು, ಬೇಕಾದಾಗ ಅವರ ಮನೆಯಿಂದಲೇ ಹೇಂಟೆ ತಂದು ಮನೆ ತುಂಬಿಸಿಕೊಳ್ಳುವುದು, ಇದು ಮೂರು ತಲೆಮಾರಿನಿಂದ ಬಂದದ್ದು. ಹಾಗೆ ತಂದರೆ ಹೊಸ ರಕ್ತ ಬಂತು ಎಂದೇ ನಾವೆಲ್ಲ ತಿಳಿದಿದ್ದೆವು.

ನಿನ್ನ ಮನೆಯದು ತರಿಸಿ ಆರು ವರ್ಷವಾಯಿತು. ನಿನ್ನ ಗಂಡ ಹೊನ್ನಯ್ಯ ತೀರಿಕೊಂಡ ಮೇಲೆ ನಿನಗೆ ತೊಂದರೆ ಕೊಡಬಾರದೆಂದು ದುರ್ಗಕ್ಕನ ಮನೆಯವನ್ನೇ ತರುತ್ತಿದ್ದೆ. ಈಗ ನಿನ್ನವು ಎರಡು ಬೇಕು. ಎಳೆಯವು ಕಳಿಸು.

ನಾನು, ಅಂಬಮ್ಮ, ಶಕುಂತಲ ಕ್ಷೇಮ.

ನಿನ್ನ ಅಣ್ಣ,
ತಿಮ್ಮರಾಯಪ್ಪ


ತರೀಕೆರೆ
2-3-1976

ಅಣ್ಣನಿಗೆ ಕಾಂತಮ್ಮ ಬರೆಸುವುದು.

ಬರೆಯುತ್ತಿರುವವನು ನನ್ನ ಮಗ ಈರಭದ್ರ. ನಾನು ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು, ನಿನ್ನ ಜಾಣತನ ಸೇರಿಸಕೂಡದು ಎಂದು ಆಣೆ ಹಾಕಿಸಿ ಕೂರಿಸಿಕೊಂಡಿದ್ದೇನೆ.

ಹುಂಜಕ್ಕೆ ಬಹುಮಾನ ಬಂದದ್ದಕ್ಕೆ ಕಣ್ಣೀರು ಹಾಕಿದೆಯಂತೆ. ಅಪ್ಪ ಸತ್ತಾಗ ಅಳದವನು ಕೋಳಿಗೆ ಅತ್ತ ಎಂದು ಹೊನ್ನಯ್ಯ ಇದ್ದಿದ್ದರೆ ಅಣಕಿಸುತ್ತಿದ್ದರು. ನನಗೆ ಸಂತೋಷವಾಯಿತು. ಎರಡು ಹೇಂಟೆ ಈರಭದ್ರನ ಕೈಯಲ್ಲೇ ಕಳಿಸುತ್ತೇನೆ. ಬೀರೂರಿನವರೆಗೆ ರೈಲು, ಅಲ್ಲಿಂದ ಬಸ್ಸು. ಕಾಲಿಗೆ ಅರಿಶಿನ ಹಚ್ಚಿ, ಹೊಸ್ತಿಲಲ್ಲಿ ಅಕ್ಕಿ ಇಟ್ಟು ಒಳಗೆ ಕರೆದುಕೊಳ್ಳುವ ಶಾಸ್ತ್ರವನ್ನು ಈ ಸಲ ಶಕುಂತಲನ ಕೈಯಲ್ಲಿ ಮಾಡಿಸು. ಕಾರಣ ಇದೆ.

ಈರಭದ್ರನಿಗೆ ಬೀರೂರು ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕೆಲಸ ಕಾಯಂ ಆಯಿತು. ಕ್ವಾರ್ಟರ್ಸೂ ಕೊಡುತ್ತಾರಂತೆ. ಹುಡುಗನಿಗೆ ಇಪ್ಪತ್ತೆರಡು. ಶಕುಂತಲ ತೊಟ್ಟಿಲಲ್ಲಿದ್ದಾಗಲೇ ಅಂಬಮ್ಮ, ಇವಳು ಅತ್ತೆ ಮನೆಗೇ ಎಂದು ನನ್ನ ಮಡಿಲಿಗೆ ಹಾಕಿದ್ದಳು. ನನ್ನ ಹೇಂಟೆ ನಿನ್ನ ಮನೆಗೆ ಬರುತ್ತದೆ, ನಿನ್ನ ಮಗಳನ್ನು ನನ್ನ ಮನೆಗೆ ಕೊಡು. ಅವಳಿಗೂ ಇವನ ಮೇಲೆ ಮನಸ್ಸಿದೆ, ಹೋದ ಯುಗಾದಿಯಲ್ಲಿ ನಾನೇ ಕಣ್ಣಾರೆ ನೋಡಿದೆ. ಇವನಿಗೂ ಇದೆ. ಇಷ್ಟು ಹೇಳುವಷ್ಟರಲ್ಲಿ ಹುಡುಗ ಪೆನ್ನು ಕೆಳಗಿಟ್ಟು ಎದ್ದುಹೋಗಿದ್ದ. ಕಿವಿ ಹಿಂಡಿ ಕೂರಿಸಿ ಬರೆಸುತ್ತಿದ್ದೇನೆ.

ಬೇಗ ಒಂದು ದಿನ ಗೊತ್ತುಮಾಡು. ಈ ಒಂದು ಕೆಲಸ ಆದರೆ ನನಗೆ ಬೇರೇನೂ ಬೇಡ.

ನಿನ್ನ ತಂಗಿ,
ಕಾಂತಮ್ಮ


ಹಿರೇನಲ್ಲೂರು
20-6-1976

ತಂಗಿ ಕಾಂತಮ್ಮನಿಗೆ,

ಉತ್ತರ ಬರೆಯುವುದು ತಡವಾಯಿತು. ಈರಭದ್ರ ಹೇಂಟೆ ತಂದು ತಲುಪಿಸಿದ. ಆವತ್ತು ಒಳಗೆ ಸುಣ್ಣ ಬಳಿಯುತ್ತಿದ್ದುದರಿಂದ ಜಗುಲಿಯಲ್ಲೇ ಊಟ ಹಾಕಿಸಿ ಕಳಿಸಿದೆ. ಹುಡುಗ ಏನಾದರೂ ಅಂದುಕೊಂಡನೋ ಏನೋ.

ಹೇಂಟೆಗಳು ಬಹಳ ಒಳ್ಳೆಯವು. ಹನ್ನೆರಡು ಮೊಟ್ಟೆಗೆ ಹನ್ನೊಂದು ಮರಿ. ಎಲ್ಲಕ್ಕೂ ಬೆರಳು ನೆಟ್ಟಗಿವೆ, ಕಾಲು ದಪ್ಪ. ಮಲ್ಲಿಕಾರ್ಜುನಯ್ಯನವರು ಬಂದು ನೋಡಿ, ಇದರಲ್ಲಿ ಬೇರೆ ರಕ್ತ ಇದೆ, ಒಂದೇ ಮನೆಯದಾದರೆ ಹೀಗಾಗುವುದಿಲ್ಲ, ತಂಗಿಯನ್ನು ಕೇಳಿ ಎಂದರು. ತರೀಕೆರೆಯ ನೀರಿನ ಗುಣ ಇರಬೇಕು ಎಂದು ನಾನು ನಕ್ಕೆ. ನೀನು ಅದನ್ನು ತಲೆಗೆ ಹಚ್ಚಿಕೊಳ್ಳಬೇಡ. ನಾನು ನಿನ್ನನ್ನು ಏನೂ ಕೇಳುವುದಿಲ್ಲ.

ಇನ್ನೊಂದು ವಿಷಯ. ಡಾಕ್ಟರು ಕೋಳಿಗೆ ಹಾಕಿದ ಹಾಗೆ ಗೆರೆ ಎಳೆದು ನಾನು ನಮ್ಮ ಮನೆಯವರ ಹೆಸರು ಬರೆದು ನೋಡಿದೆ. ನಾನು ಕಟ್ಟಿಕೊಂಡದ್ದು ನಮ್ಮ ಅಕ್ಕನ ಮಗಳನ್ನೇ. ಹುಟ್ಟಿದ ಮೂರರಲ್ಲಿ ಎರಡು ಹೋದವು. ಒಂದಕ್ಕೆ ಕತ್ತು ನಿಲ್ಲಲಿಲ್ಲ, ಒಂದಕ್ಕೆ ಕಣ್ಣು ಕಾಣಲಿಲ್ಲ. ದೇವರ ಇಚ್ಛೆ ಎಂದು ಮಣ್ಣು ಮಾಡಿ ಬಂದೆವು. ಈಗ ಆ ಗೆರೆಗಳನ್ನು ನೋಡಿದರೆ ಅಂಬಮ್ಮನ ಮುಖ ನೋಡಲು ನನಗೆ ಆಗುವುದಿಲ್ಲ. ಅವಳಿಗೆ ಇದನ್ನು ಹೇಳಿಲ್ಲ.

ಆದ್ದರಿಂದ ಶಕುಂತಲನನ್ನು ಈರಭದ್ರನಿಗೆ ಕೊಡುವುದಿಲ್ಲ. ಅಣ್ಣನ ಮಗಳು, ತಂಗಿಯ ಮಗ. ರಕ್ತ ಬಹಳ ಹತ್ತಿರ. ಬೇರೆ ಕಾರಣ ಏನೂ ಇಲ್ಲ. ಹುಡುಗನಲ್ಲಿ ಕುಂದು ಇದೆ ಎಂದು ನಾನು ಯಾವತ್ತೂ ಹೇಳುವುದಿಲ್ಲ, ಯಾರ ಮುಂದೆಯೂ ಹೇಳುವುದಿಲ್ಲ. ಈ ಮಾತನ್ನು ನೀನು ನಂಬಬೇಕು.

ನಿನ್ನ ಅಣ್ಣ,
ತಿಮ್ಮರಾಯಪ್ಪ


ತರೀಕೆರೆ
11-7-1976

ಅಣ್ಣ,

ಇದು ನನ್ನ ಕೈಬರಹ. ಮೂರನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ಸರಿಮಾಡಿಕೊಂಡು ಓದು. ನಿನ್ನ ಕಾಗದ ಓದಿ ಹೇಳಿದವನೇ ಈರಭದ್ರ. ಒಂದಕ್ಷರ ಬಿಡದೆ ಕೊನೆಯವರೆಗೂ ಓದಿದ. ಆಮೇಲೆ ಬೀರೂರಿಗೆ ಡ್ಯೂಟಿಗೆ ಹೋದವನು ಹನ್ನೆರಡು ದಿನ ಮನೆಗೆ ಬರಲಿಲ್ಲ. ಉತ್ತರ ಬರೆದುಕೊಡು ಎಂದರೆ ಒಲ್ಲೆ ಎಂದ.

ನನ್ನ ಹೇಂಟೆ ಬೇಕು, ನನ್ನ ಮಗ ಬೇಡ. ಹುಂಜಕ್ಕೆ ಬಹುಮಾನ ಬಂದಾಗಿನಿಂದ ನಿನಗೆ ಮನುಷ್ಯರೂ ಪಂಜರದಲ್ಲಿರುವ ಹಾಗೆ ಕಾಣುತ್ತಿದ್ದಾರೆ. ಊರಲ್ಲಿ ಎಷ್ಟು ಜನ ಸೋದರತ್ತೆಯ ಮಗನನ್ನು ಕಟ್ಟಿಕೊಂಡಿಲ್ಲ? ಎಲ್ಲರ ಮಕ್ಕಳೂ ಸತ್ತವೇ?

ನಿನಗೆ ಹೇಳಬೇಕಾದ ಒಂದು ಮಾತು ಇತ್ತು. ಅದನ್ನು ಬರೆದು ಮೂರು ಸಲ ಹರಿದು ಹಾಕಿದೆ. ಹೇಳಿದರೂ ಕೆಡುತ್ತದೆ, ಹೇಳದಿದ್ದರೂ ಕೆಡುತ್ತದೆ. ನಿನಗೆ ಬರುವ ಕಾಗದವನ್ನು ನೀನು ಒಬ್ಬನೇ ಓದುತ್ತೀಯ ಎಂಬ ಧೈರ್ಯವೂ ನನಗಿಲ್ಲ.

ಇನ್ನು ಮೇಲೆ ಕಾಗದ ಬರೆಯಬೇಡ.

ಕಾಂತಮ್ಮ


ಹಿರೇನಲ್ಲೂರು
4-5-1978

ಕಾಂತಮ್ಮನಿಗೆ,

ಬರೆಯಬೇಡ ಎಂದಿದ್ದೆ, ಆದರೂ ಬರೆಯುತ್ತಿದ್ದೇನೆ. ಇದೇ ತಿಂಗಳು ಇಪ್ಪತ್ತೊಂದಕ್ಕೆ ಶಕುಂತಲನ ಮದುವೆ. ಹುಡುಗ ಅಜ್ಜಂಪುರದವನು, ಹದಿನೆಂಟು ಎಕರೆ ಜಮೀನು, ಪಂಪ್‌ಸೆಟ್ ಇದೆ. ನಮ್ಮ ಜನವೇ, ಆದರೆ ಏಳು ತಲೆಮಾರಿನಲ್ಲಿ ಎಲ್ಲೂ ನೆಂಟಸ್ತಿಕೆ ಇಲ್ಲ. ನಾನೇ ನಾಲ್ಕು ಊರು ತಿರುಗಿ ವಿಚಾರಿಸಿ ಬಂದೆ.

ಹುಡುಗಿ ಬೇಡ ಎನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ. ಎರಡು ಹೇಂಟೆ ಬಳುವಳಿ ಕೊಡುತ್ತಿದ್ದೇನೆ. ನೀನು ಕಳಿಸಿದವುಗಳ ಮರಿಯೇ. ಅವುಗಳ ಹುಂಜಮರಿ ಎರಡು ವರ್ಷವೂ ಕಡೂರಿನಲ್ಲಿ ಮೊದಲು ಬಂತು.

ಸೋದರತ್ತೆ ಇಲ್ಲದೆ ಅರಿಶಿನದ ಶಾಸ್ತ್ರ ಯಾರು ಮಾಡಬೇಕು? ಬಾ. ಈರಭದ್ರನಿಗೆ ರಜೆ ಸಿಗದಿದ್ದರೆ ನೀನೊಬ್ಬಳೇ ಬಾ.

ತಿಮ್ಮರಾಯಪ್ಪ


ಹಿರೇನಲ್ಲೂರು
17-9-1984

ತಂಗಿ ಕಾಂತಮ್ಮನಿಗೆ,

ಮದುವೆಗೆ ನೀನು ಬರಲಿಲ್ಲ. ಅಂಬಮ್ಮ ಸತ್ತಾಗ ಬಂದೆ, ಆದರೆ ನನ್ನ ಹತ್ತಿರ ಮಾತಾಡದೆ ಹೋದೆ. ನಾನು ಅದನ್ನು ಎತ್ತಿ ಆಡುವುದಿಲ್ಲ. ನನ್ನ ಕಣ್ಣು ಮಂಜಾಗುತ್ತಿದೆ, ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ. ಹೊಟ್ಟೆಯಲ್ಲಿ ಗಂಟು ಎಂದರು. ಶಿವಮೊಗ್ಗಕ್ಕೆ ಹೋಗಿ ಎಂದರು, ನಾನು ಹೋಗಲಿಲ್ಲ.

ಶಕುಂತಲ ಮೂರು ವರ್ಷದಿಂದ ಇಲ್ಲೇ ಇದ್ದಾಳೆ. ನಿನಗೆ ಸುದ್ದಿ ಮುಟ್ಟಿರುತ್ತದೆ. ಅಜ್ಜಂಪುರದವನಿಗೆ ಮೊದಲೇ ಹೊಸದುರ್ಗದ ಕಡೆ ಒಬ್ಬಳಿದ್ದಳಂತೆ. ಇವಳಿಗೆ ಮಕ್ಕಳಾಗಲಿಲ್ಲ ಎಂದು ನೆಪ ಮಾಡಿ ಅವಳನ್ನೇ ಮನೆಗೆ ತಂದ. ಇವಳು ಟ್ರಂಕು ಒಂದು ಕೈಯಲ್ಲಿ, ಹೇಂಟೆಯ ಬುಟ್ಟಿ ಒಂದು ಕೈಯಲ್ಲಿ ಹಿಡಿದು ಬಸ್ಸಿಳಿದು ಬಂದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಈ ಬೇಸಿಗೆಯಲ್ಲಿ ರೋಗ ಬಂದು ಕೋಳಿ ಎಲ್ಲ ಹೋದವು. ಹುಂಜ ಒಂದು ಉಳಿದಿದೆ. ಅವಳು ತಂದ ಹೇಂಟೆ ಮುದಿಯಾಗಿದೆ, ಮೊಟ್ಟೆ ಇಡುವುದಿಲ್ಲ. ನಾನು ಹೋಗುವ ಮುಂಚೆ ತಾತನ ತಳಿ ಇನ್ನೊಂದು ಸಲ ಮರಿಯಾದದ್ದನ್ನು ನೋಡಬೇಕು. ಎರಡು ಹೇಂಟೆ ಕಳಿಸು. ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಈರಭದ್ರನಿಗೆ ಗಂಡು ಮಗುವಾಯಿತಂತೆ. ಚೆನ್ನಾಗಿರಲಿ.

ನಿನ್ನ ಅಣ್ಣ,
ತಿಮ್ಮರಾಯಪ್ಪ


ತರೀಕೆರೆ
8-10-1984

ಅಣ್ಣನಿಗೆ ಕಾಂತಮ್ಮನ ನಮಸ್ಕಾರ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ದಿನಕ್ಕೆ ನಾಲ್ಕು ಸಾಲು ಬರೆದು ಇದನ್ನು ಮುಗಿಸುತ್ತಿದ್ದೇನೆ. ಈರಭದ್ರ ಹೆಂಡತಿ ಮಗುವಿನ ಜೊತೆ ಬೀರೂರಿನಲ್ಲಿದ್ದಾನೆ, ಆದ್ದರಿಂದ ಬರೆಯಬಹುದು. ಓದಿದ ಮೇಲೆ ಒಲೆಗೆ ಹಾಕು.

ನನ್ನ ಹೇಂಟೆಗಳು ತಾತನ ತಳಿಯವಲ್ಲ. ನನಗೆ ಬಳುವಳಿ ಕೊಟ್ಟ ಹೇಂಟೆಗಳು ಐವತ್ತನಾಲ್ಕರ ಬೇಸಿಗೆಯಲ್ಲೇ ರೋಗ ಬಂದು ಸತ್ತವು. ಹೇಳಿದರೆ ಅಪ್ಪ ಬೈಯುತ್ತಾರೆಂದು ಹೇಳಲಿಲ್ಲ. ಆ ವರ್ಷವೇ ನಾನು ಮೂರನೇ ಹೆರಿಗೆಗೆ ಆಸ್ಪತ್ರೆ ಸೇರಿದ್ದೆ. ಮೊದಲೆರಡು ಉಳಿದಿರಲಿಲ್ಲ, ನಿನಗೆ ಗೊತ್ತು. ಮೂರನೆಯದೂ ಹುಟ್ಟುವಾಗಲೇ ಸತ್ತಿತ್ತು. ಪಕ್ಕದ ಮಂಚದಲ್ಲಿ ಹೆಬ್ಬೆ ಕಡೆಯ ಕಾಫಿ ತೋಟದಿಂದ ಬಂದ ತೀರ್ಥಮ್ಮ ಎಂಬ ಕೂಲಿ ಹೆಂಗಸು ಇದ್ದಳು. ಗಂಡ ಯಾರು, ಯಾವ ಜನ ಎಂದು ಕೇಳಿದವರಿಗೆ ಹೇಳಲಿಲ್ಲ. ಸೂಲಗಿತ್ತಿಗೆ ಕೊಡಲೆಂದು ಬುಟ್ಟಿಯಲ್ಲಿ ಒಂದು ಕೆಂಪು ಹೇಂಟೆ ತಂದು ಮಂಚದ ಕೆಳಗೆ ಇಟ್ಟುಕೊಂಡಿದ್ದಳು. ಗಂಡು ಹೆತ್ತು ಮೂರನೇ ದಿನ ತೀರಿಕೊಂಡಳು. ಕೇಳಿಕೊಂಡು ಯಾರೂ ಬರಲಿಲ್ಲ. ಕೂಸು ಅಳುತ್ತಿತ್ತು, ನನ್ನ ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿತ್ತು. ಹೊನ್ನಯ್ಯ ಎರಡು ದಿನ ಅವಳ ಕಡೆಯವರ ದಾರಿ ನೋಡಿ ಆಮೇಲೆ ಒಂದೇ ಮಾತು ಹೇಳಿದರು.

‘ಕೂಸ್ನ ತಗಂಡು ನಡಿಯೇ. ಕೋಳಿ ಬುಟ್ಟೀನೂ ಬಿಡಬೇಡ.’

ಹಾಗೆ ಬಂದವನು ಈರಭದ್ರ. ಹಾಗೆ ಬಂದದ್ದು ಆ ಹೇಂಟೆ. ಬಣ್ಣ ಕೆಂಪಿದ್ದುದರಿಂದ ನಮ್ಮದೇ ಎಂದು ನೀವೆಲ್ಲ ತಿಳಿದಿರಿ. ನೀನು ಬಹುಮಾನ ತಂದದ್ದೆಲ್ಲ ತೀರ್ಥಮ್ಮನ ಹೇಂಟೆಯ ಸಂತಾನದಿಂದ.

ನೀನು ರಕ್ತ ಹತ್ತಿರ ಎಂದು ಬರೆದಾಗ ಇದನ್ನು ಹೇಳಬೇಕಾಗಿತ್ತು. ಹತ್ತಿರವೂ ಇಲ್ಲ, ದೂರವೂ ಇಲ್ಲ, ಶಕುಂತಲನಿಗೂ ಅವನಿಗೂ ಒಂದು ಹನಿ ಸಂಬಂಧವಿಲ್ಲ ಎಂದು ಹೇಳಬೇಕಾಗಿತ್ತು. ಹೇಳಿದರೆ ಅವನು ನನ್ನ ಮಗ ಅಲ್ಲವೆಂದು ಅವನಿಗೇ ಗೊತ್ತಾಗುತ್ತಿತ್ತು. ಅದೊಂದು ನನ್ನ ಕೈಲಾಗಲಿಲ್ಲ. ನನ್ನ ಹೊಟ್ಟೆ ಉರಿಯಬಾರದೆಂದು ನಿನ್ನ ಮಗಳ ಬಾಳು ಸುಟ್ಟೆ. ಎಂಟು ವರ್ಷ ನಿನ್ನನ್ನು ಬೈದುಕೊಂಡು ಓಡಾಡಿದೆ, ತಪ್ಪು ಮಾಡಿದವಳು ನಾನು. ನೀನು ಮಕ್ಕಳು ಚೆನ್ನಾಗಿ ಹುಟ್ಟಲಿ ಎಂದು ಬೇಡ ಎಂದವನು.

ಇದನ್ನೆಲ್ಲ ತಿಳಿದ ಮೇಲೆ ಹೇಂಟೆ ಬೇಕೋ ಬೇಡವೋ ಹೇಳು. ಬೇಕೆಂದರೆ ನಾನೇ ತರುತ್ತೇನೆ. ಶಕುಂತಲನ ಕಾಲಿಗೆ ಬೀಳಬೇಕು.

ಕಾಂತಮ್ಮ


ಹಿರೇನಲ್ಲೂರು
2-11-1984

ಅತ್ತೆಗೆ ಶಕುಂತಲ ಮಾಡುವ ನಮಸ್ಕಾರ.

ತಂತಿ ತಡವಾಗಿ ತಲುಪಿತೆಂದು ಇಲ್ಲಿನ ಅಂಗಡಿಯಲ್ಲಿ ತಿಳಿಯಿತು. ಅಪ್ಪ ಹತ್ತೊಂಬತ್ತನೇ ತಾರೀಖು ಬೆಳಿಗ್ಗೆ ಹೋದರು. ಮಣ್ಣಿಗೆ ನೀವು ಬರಲಾಗದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಕೊನೆಯಲ್ಲಿ ನೋವು ಬಹಳ ಇತ್ತು, ಮುಗಿದದ್ದೇ ಒಳ್ಳೆಯದಾಯಿತು.

ನಿಮ್ಮ ಕಾಗದ ಹದಿನಾರಕ್ಕೆ ಬಂತು. ಅಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ, ಓದಿ ಹೇಳು ಎಂದರು. ಓದಿದೆ. ಪೂರ್ತಿ ಕೇಳಿದರು. ಆಶ್ಚರ್ಯ ಪಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿಕೊಂಡು ಹೇಳಿದರು.

‘ನಂಗೆ ಮೊದಲೇ ಗೊತ್ತಿತ್ತು ಅಂತ ಮಾತ್ರ ಬರೀಬೇಡ ಕಣವ್ವ.’

ಬರೆಯಬಾರದೆಂದೇ ಇದ್ದೆ. ಹನ್ನೊಂದನೇ ದಿನದ ಕೆಲಸ ಮುಗಿಸಿ ತಳಿ ಪುಸ್ತಕ ತೆಗೆದು ನೋಡಿದೆ. ಇನ್ನು ಸುಮ್ಮನಿರಲು ಆಗುವುದಿಲ್ಲ. ನೀವು ನನ್ನ ಕಾಲಿಗೆ ಬೀಳುವುದಕ್ಕೆ ಬರುತ್ತೀರೆಂದು ಬರೆದಿದ್ದೀರಿ. ಬರಬೇಡಿ. ನೀವು ಅಂದುಕೊಂಡ ಹಾಗೆ ಯಾವುದೂ ನಡೆದಿಲ್ಲ. ಕೊನೆಗೆ ಮಡಚಿಟ್ಟಿದ್ದ ‘ತಂಗಿಯ ಮನೆಯದು’ ಎಂಬ ಪುಟದಲ್ಲಿ ಅಪ್ಪನ ಕೈಯಲ್ಲೇ ಬರೆದದ್ದು ಇದೆ, ಇದ್ದ ಹಾಗೇ ಬರೆಯುತ್ತೇನೆ.

‘ಸನ್ 1970, ಆಗಸ್ಟ್. ಹೊನ್ನಯ್ಯ ಸಾಯುವ ಮುಂಚೆ ಹೇಳಿದ್ದು. ಈ ಹೇಂಟೆ ಹೆಬ್ಬೆ ಕಡೆಯ ತೀರ್ಥಮ್ಮನದು, ಕೂಸೂ ಅವಳದೇ. ಜಾತಿ ತಿಳಿಯದು. ಇವುಗಳ ಮರಿ ಎಲ್ಲ ಸಂತೆಗೆ ಹಾಕಿದೆ. ಇನ್ನು ಮುಂದೆ ತರಕೂಡದು.’

ಅದರ ಕೆಳಗೆ: ‘ಸನ್ 1976, ಫೆಬ್ರವರಿ. ಡಾಕ್ಟರು ಹೊಸ ರಕ್ತ ಬೇಕೇ ಬೇಕು ಎಂದರು. ತೀರ್ಥಮ್ಮನ ಹೇಂಟೆ ತರಿಸುವುದು.’

ಅದರ ಕೆಳಗೆ: ‘ಜೂನ್. ಹನ್ನೆರಡಕ್ಕೆ ಹನ್ನೊಂದು. ಒಳ್ಳೆಯ ರಕ್ತ.’ ರಕ್ತ ಹತ್ತಿರ ಎಂದು ನಿಮಗೆ ಕಾಗದ ಬರೆದದ್ದೂ ಅದೇ ಜೂನ್ ತಿಂಗಳಲ್ಲೇ ಅಲ್ಲವೇ ಅತ್ತೆ?

ನೀವು ಹೇಳಿದ್ದರೂ ನನ್ನನ್ನು ಕೊಡುತ್ತಿರಲಿಲ್ಲ. ನಿಮ್ಮ ಮರ್ಯಾದೆ ಉಳಿಸಬೇಕೆಂದು ಅಪ್ಪ ರಕ್ತದ ನೆಪ ಹೇಳಿದರೋ, ತಮ್ಮ ಮರ್ಯಾದೆಗೋ, ನನಗೆ ಗೊತ್ತಿಲ್ಲ. ಎರಡೂ ಇರಬಹುದು. ಅಜ್ಜಂಪುರದವರ ಏಳು ತಲೆಮಾರು ವಿಚಾರಿಸಿದರು, ಅವನೊಬ್ಬನನ್ನು ವಿಚಾರಿಸಲಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಬಾರದೆನ್ನುತ್ತಾರೆ. ನನಗೆ ಸಿಟ್ಟಿದೆ. ದಿನಾ ದೀಪ ಹಚ್ಚುವಾಗಲೂ ಇದೆ.

ಹುಂಜವನ್ನು ಮಲ್ಲಿಕಾರ್ಜುನಯ್ಯನವರು ಬಂದು ತೆಗೆದುಕೊಂಡು ಹೋದರು. ಹೇಂಟೆ ಕಳಿಸಬೇಡಿ. ಕಾಟಯ್ಯ ತಾತನ ತಳಿ ಇಲ್ಲಿಗೆ ಸಾಕು.

ಈರಭದ್ರ ಭಾವನಿಗೆ ಏನೂ ಹೇಳಬೇಡಿ. ನೀವೇ ಅವರ ತಾಯಿ. ರಕ್ತ ಹತ್ತಿರವೆಂದು ತಪ್ಪಿತು ಎಂದೇ ಅವರು ತಿಳಿದುಕೊಂಡಿರಲಿ. ನಿಮ್ಮ ಕಾಗದ ಒಲೆಗೆ ಹಾಕಿದೆ. ಪುಸ್ತಕದ ಆ ಪುಟವನ್ನೂ ಹಾಕಿದೆ. ಇದನ್ನೂ ಹಾಕಿಬಿಡಿ.

ಹೇಂಟೆ ತಂದ ದಿನ ನನಗೆ ಚೆನ್ನಾಗಿ ನೆನಪಿದೆ. ಎರಡಕ್ಕೂ ಕಾಲಿಗೆ ಅರಿಶಿನ ಹಚ್ಚಿ, ಹೊಸ್ತಿಲಿಗೆ ಅಕ್ಕಿ ಇಟ್ಟು ನಾನೇ ಒಳಗೆ ಕರೆದುಕೊಂಡೆ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಭಾವ ಖಾಲಿ ಬುಟ್ಟಿ ಹಿಡಿದು ಜಗುಲಿಯ ಮೇಲೆ ಕೂತರು, ಅಲ್ಲೇ ಎಲೆ ಹಾಕಿ ಬಡಿಸಿದೆವು. ಒಳಗೆ ಸುಣ್ಣ ಬಳಿಯುತ್ತಿದ್ದರು ಎಂದು ಅಪ್ಪ ನಿಮಗೆ ಬರೆದಿದ್ದರಂತೆ, ಅಮ್ಮನ ತಿಥಿಗೆ ಬಂದಾಗ ಭಾವ ಹೇಳಿದರು. ನಾನು ಹೌದು ಎಂದೆ.

ಆವತ್ತು ಮನೆಗೆ ಸುಣ್ಣ ಬಳಿಯುತ್ತಿರಲಿಲ್ಲ ಅತ್ತೆ.

ನಿಮ್ಮ ಸೊಸೆಯಾಗಬೇಕಾಗಿದ್ದ,
ಶಕುಂತಲ